ನಡವಳಿ ಪುಸ್ತಕದ ಎದುರು ಡಿಮ್ಯಾಂಡ್ ರಿಜಿಸ್ಟರ್: ಹೊರವಲಯದ ನಗರಸಭೆಯೊಂದರ ಚರಿತ್ರೆ ಬರೆದ ನನ್ನ ಅನುಭವ

ಬೆಂಗಳೂರು ಮಹಾನಗರ ಪಾಲಿಕೆಯನ್ನು ಸುತ್ತುವರಿದಿದ್ದ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು 2007ರಲ್ಲಿ ಒಟ್ಟುಗೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ ಎಂಬ ಆ ಏಳು ನಗರಸಭೆಗಳಲ್ಲಿ ಒಂದರಲ್ಲಿ ನಾನು ಗುಮಾಸ್ತನಾಗಿ ಸೇರಿ, ಅದು ಇಲ್ಲವಾಗುವವರೆಗೂ ಅಲ್ಲಿಯೇ ಕೆಲಸ ಮಾಡಿದವನು. ಯಾವ ನಗರಸಭೆಯೆಂದು ಇಲ್ಲಿ ಹೇಳುವುದಿಲ್ಲ. ಮುಂದೆ ಬರುವ ಕೆಲವು ಸಂಗತಿಗಳು ಇಂದಿಗೂ ಆ ಬೀದಿಗಳಲ್ಲಿ ಓಡಾಡುತ್ತಿರುವವರಿಗೆ ಸಂಬಂಧಿಸಿದವು. ನಿವೃತ್ತಿಯಾದ ಮೇಲೆ ಆ ನಗರಸಭೆಯ ಚರಿತ್ರೆಯನ್ನು ಬರೆಯಬೇಕೆಂದು ಹೊರಟು, ಮೂರು ವರ್ಷಗಳ ಕಾಲ ಕಡತ, ರಿಜಿಸ್ಟರುಗಳ ನಡುವೆ ಕುಳಿತು ಅದನ್ನು ಹೇಗೆ ಮುಗಿಸಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈಹಾಕುವ ಇನ್ನೊಬ್ಬರಿಗೆ ನಾನು ಎಡವಿದ ಜಾಗಗಳಾದರೂ ತಿಳಿದಿರಲಿ ಎಂಬುದು ಉದ್ದೇಶ.

ಮೊದಲ ಪ್ರಯತ್ನ ಪೂರ್ತಿಯಾಗಿ ಕೆಟ್ಟಿತು. ಸರ್ಕಾರಿ ಕಚೇರಿಯಲ್ಲಿ ಬೆಳೆದ ಕೈ ಸಹಜವಾಗಿಯೇ ಪಟ್ಟಿ ಮಾಡುವುದರಿಂದ ಶುರುಮಾಡಿತು. ಅಧ್ಯಕ್ಷರು, ಉಪಾಧ್ಯಕ್ಷರು, ಪೌರಾಯುಕ್ತರು, ಅವರ ಅವಧಿಗಳು, ಉದ್ಘಾಟನೆಯಾದ ಕಟ್ಟಡಗಳು, ಅವುಗಳನ್ನು ಉದ್ಘಾಟಿಸಿದ ಮಂತ್ರಿಗಳು ಎಂದು ನಲವತ್ತು ಪುಟ ತುಂಬಿಸಿದೆ. ಅದನ್ನು ಓದಲು ಕೊಟ್ಟಿದ್ದು ನಮ್ಮ ಬಡಾವಣೆಯಲ್ಲಿದ್ದ ನಿವೃತ್ತ ಶಾಲಾ ಮೇಷ್ಟ್ರೊಬ್ಬರಿಗೆ. ಅವರು ಎರಡು ದಿನ ಇಟ್ಟುಕೊಂಡು ಹಿಂತಿರುಗಿಸುವಾಗ, "ಎಲ್ಲಾ ಇದೆ ಸ್ವಾಮಿ, ಆದರೆ ಆ ವರ್ಷಗಳಲ್ಲೆಲ್ಲ ನಮಗೆ ನೀರು ಎಲ್ಲಿಂದ ಬರುತ್ತಿತ್ತು ಅನ್ನೋದು ಮಾತ್ರ ಇದರಲ್ಲಿ ಇಲ್ಲವಲ್ಲ?" ಎಂದರು. ಅವರ ಮಾತಿಗೆ ಉತ್ತರ ಹುಡುಕಲು ಹೋದಾಗಲೇ ನನಗೆ ನಡವಳಿ ಪುಸ್ತಕದ ಜೊತೆಗೆ ತೆರಿಗೆ ಲೆಕ್ಕದ ಡಿಮ್ಯಾಂಡ್ ರಿಜಿಸ್ಟರನ್ನೂ ಕಾಮಗಾರಿಗಳ ಅಳತೆ ಪುಸ್ತಕವನ್ನೂ ತೆರೆದಿಟ್ಟುಕೊಂಡು ಓದುವ ಅಗತ್ಯ ಕಂಡದ್ದು. ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬುದು ಒಂದು ಪುಸ್ತಕದಲ್ಲಿ, ಯಾರಿಂದ ಎಷ್ಟು ಹಣ ಬಂತು ಎಂಬುದು ಇನ್ನೊಂದರಲ್ಲಿ, ನೆಲದ ಮೇಲೆ ಏನಾಯಿತು ಎಂಬುದು ಮತ್ತೊಂದರಲ್ಲಿ ಇರುತ್ತದೆ. ಮೂರರಲ್ಲಿ ಯಾವುದೊಂದನ್ನು ಮಾತ್ರ ನಂಬಿ ಬರೆದರೂ ಚರಿತ್ರೆ ಸುಳ್ಳಾಗುತ್ತದೆ.

ದಿನಾಂಕಗಳನ್ನು ಸರಿಪಡಿಸಿಕೊಳ್ಳುವುದೇ ಮೊದಲ ಕೆಲಸವಾಯಿತು. ನಮ್ಮ ಕಚೇರಿ ಕಟ್ಟಡದ ಶಿಲಾಫಲಕದಲ್ಲಿದ್ದ ವರ್ಷವನ್ನೇ ನಗರಸಭೆಯ ಆರಂಭದ ವರ್ಷವೆಂದು ಊರಿನವರೆಲ್ಲ ನಂಬಿದ್ದರು, ನಾನೂ ಹಾಗೆಯೇ ಬರೆದಿದ್ದೆ. ರಾಜ್ಯಪತ್ರದ ಹಳೆಯ ಸಂಚಿಕೆಗಳನ್ನು ತಿರುವಿದಾಗ ಶಿಲಾನ್ಯಾಸವಾಗುವ ಹೊತ್ತಿಗೆ ನಗರಸಭೆ ಅಸ್ತಿತ್ವಕ್ಕೆ ಬಂದು ಬಹಳ ಕಾಲವಾಗಿತ್ತೆಂದೂ, ಅಲ್ಲಿಯವರೆಗೆ ಅದು ಹಳೆಯ ಪಂಚಾಯಿತಿ ಕಟ್ಟಡದಲ್ಲಿ ನಡೆಯುತ್ತಿತ್ತೆಂದೂ ತಿಳಿಯಿತು. ಕಟ್ಟಡದ ವಯಸ್ಸು ಸಂಸ್ಥೆಯ ವಯಸ್ಸಲ್ಲ ಎಂಬ ಸಣ್ಣ ವಿಷಯವನ್ನು ಕಚೇರಿಯಲ್ಲಿ ಜೀವ ಸವೆಸಿದ ನಾನೇ ಮರೆತಿದ್ದೆ. ಅಂದಿನಿಂದ ಪ್ರತಿಯೊಂದು ಘಟನೆಗೂ ಕರಡು ಅಧಿಸೂಚನೆ, ಅಂತಿಮ ಅಧಿಸೂಚನೆ, ಮೊದಲ ಸಭೆ ಎಂಬ ಮೂರು ದಿನಾಂಕಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಕರಡಿಗೂ ಅಂತಿಮಕ್ಕೂ ನಡುವೆ ಆಕ್ಷೇಪಣೆಗಳನ್ನು ಆಹ್ವಾನಿಸುವ ಕಾಲವಿರುತ್ತದೆ. ಆ ಅವಧಿಯಲ್ಲಿ ಬಂದ ಅರ್ಜಿಗಳೇ ಅಂದಿನ ಜನ ಏನನ್ನು ಹೆದರುತ್ತಿದ್ದರು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ತೆರಿಗೆ ಹೆಚ್ಚುತ್ತದೆ ಎಂದು ಕೆಲವರು, ಗ್ರಾಮೀಣ ಯೋಜನೆಗಳ ಸೌಲಭ್ಯ ತಪ್ಪುತ್ತದೆ ಎಂದು ಮತ್ತೆ ಕೆಲವರು ಬರೆದಿದ್ದರು.

ನಗರಸಭೆಗಿಂತ ಹಿಂದಿನ ಕಾಲವನ್ನು ಎಲ್ಲಿಂದ ಹಿಡಿಯಬೇಕು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಬೆಂಗಳೂರಿಗೆ ಪುರಸಭಾ ಮಂಡಳಿ ಬಂದದ್ದು 1862ರಲ್ಲಿ. ನಗರ ಮತ್ತು ದಂಡು ಪ್ರದೇಶದ ಎರಡು ಪುರಸಭೆಗಳು ಒಂದಾಗಿ ನಗರಪಾಲಿಕೆಯಾದದ್ದು 1949ರಲ್ಲಿ. ಆದರೆ ನಮ್ಮ ಹಳ್ಳಿಗಳಿಗೆ ಈ ಕಥೆಯಲ್ಲಿ ಜಾಗವೇ ಇರಲಿಲ್ಲ. ಅವು ತೋಟ, ತರಕಾರಿ, ಹಾಲು ಪೂರೈಸುತ್ತಾ ಪಾಲಿಕೆಯ ಗಡಿಯಾಚೆಗಿದ್ದವು. ಅವುಗಳ ಆಡಳಿತದ ಸರಪಳಿಯೇ ಬೇರೆ: 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯಡಿ ಬಂದ ಗ್ರಾಮ ಪಂಚಾಯಿತಿಗಳು, 1983ರ ಕಾಯ್ದೆಯಂತೆ 1987ರ ಚುನಾವಣೆಯಿಂದ ಬಂದ ಮಂಡಲ ಪಂಚಾಯಿತಿಗಳು, 1993ರ ಕಾಯ್ದೆಯ ಗ್ರಾಮ ಪಂಚಾಯಿತಿಗಳು, ಅದಾದ ಕೆಲವೇ ವರ್ಷಗಳಲ್ಲಿ ನಗರಸಭೆ. ಹೀಗೆ ಹತ್ತು ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ಬೀದಿಯ ಜನ ಮೂರು ಬಗೆಯ ಸ್ಥಳೀಯ ಸರ್ಕಾರಗಳನ್ನು ಕಂಡರು. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ಕಡೆಯ ಹಿರಿಯರು 'ನೀರ್ ಸಾಬ್' ಎಂದೇ ಈಗಲೂ ನೆನೆಯುತ್ತಾರೆ. ಮಂಡಲ ಕಾಲದ ಕೊಳವೆ ಬಾವಿಗಳ ಪಟ್ಟಿ ನನಗೆ ಸಿಕ್ಕಿದ್ದು ಕೂಡ ಆ ಹೆಸರು ಹಿಡಿದು ಹುಡುಕಿದ್ದರಿಂದಲೇ.

ಗಡಿಯನ್ನು ಗುರುತಿಸುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಅಧಿಸೂಚನೆಯಲ್ಲಿ ಗಡಿಯನ್ನು ಚೆಕ್ಕುಬಂದಿಯ ರೂಪದಲ್ಲಿ, ಹಳ್ಳಿಯ ಹೆಸರು ಮತ್ತು ಸರ್ವೆ ನಂಬರುಗಳ ಮೂಲಕ ಹೇಳಿರುತ್ತಾರೆ. ನಾನು ಗ್ರಾಮ ನಕಾಶೆಗಳನ್ನು ತರಿಸಿಕೊಂಡು, ಪ್ರತಿ ಸರ್ವೆ ನಂಬರಿಗೂ ಬಣ್ಣ ಹಚ್ಚಿ, ಅವುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ನೆಲದ ಮೇಲೆ ಹಾಸಿದೆ. ಆಗ ಕಂಡದ್ದೇನೆಂದರೆ, ಒಂದು ರಾಜಕಾಲುವೆಯ ಈ ದಡದ ಮನೆಗಳು ನಗರಸಭೆಗೂ ಆ ದಡದ ಮನೆಗಳು ಗ್ರಾಮ ಪಂಚಾಯಿತಿಗೂ ಸೇರಿದ್ದವು. ಕಾಲುವೆಯನ್ನು ಯಾರು ಶುಚಿಗೊಳಿಸಬೇಕೆಂಬ ಪ್ರಶ್ನೆ ನಡವಳಿಯಲ್ಲಿ ಆರು ವರ್ಷಗಳ ಕಾಲ ಮಳೆಗಾಲಕ್ಕೊಮ್ಮೆ ಬಂದು ಹೋಗುತ್ತದೆ, ಪ್ರತಿ ಸಲವೂ 'ಸಂಬಂಧಪಟ್ಟವರಿಗೆ ಪತ್ರ ಬರೆಯಲು ತೀರ್ಮಾನಿಸಲಾಯಿತು' ಎಂದೇ ಮುಗಿಯುತ್ತದೆ. ನಕಾಶೆ ಜೋಡಿಸದೆ ಈ ಸಾಲುಗಳನ್ನು ಓದಿದ್ದರೆ ಇದನ್ನು ಅಧಿಕಾರಿಗಳ ಸೋಮಾರಿತನವೆಂದೇ ನಾನು ತಿಳಿಯುತ್ತಿದ್ದೆ.

ಇನ್ನು ನಡವಳಿ ಪುಸ್ತಕದ ವಿಚಾರ. ಇದರ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಅದರ ಕೆಲವು ಸಂಪುಟಗಳನ್ನು ಬರೆದ ಕೈ ನನ್ನದೇ. ಪುರಸಭೆಗಳ ಕಾಯ್ದೆಯಂತೆ ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ನಡೆಯಬೇಕು. ಹಿಂದಿನ ಸಭೆಯ ನಡವಳಿಯನ್ನು ದೃಢೀಕರಿಸುವುದು ಮೊದಲ ವಿಷಯ, ಹಿಂದಿನ ತಿಂಗಳ ಜಮಾ-ಖರ್ಚನ್ನು ಅಂಗೀಕರಿಸುವುದು ಎರಡನೆಯದು, ಆಮೇಲೆ ಉಳಿದವು. ಸಭೆಯಲ್ಲಿ ಮೇಜು ಗುದ್ದಿ ಮಾತನಾಡಿದ್ದಾರೆ, ಒಬ್ಬರು ಕಾರ್ಯಸೂಚಿಯನ್ನು ಹರಿದೆಸೆದು ಹೊರನಡೆದಿದ್ದಾರೆ, ಮೂವರು ನೆಲದ ಮೇಲೆ ಕುಳಿತು ಧರಣಿ ಮಾಡಿದ್ದಾರೆ. ಮರುದಿನ ನಾನು ಬರೆದದ್ದು ಮಾತ್ರ, 'ಸದರಿ ವಿಷಯದ ಬಗ್ಗೆ ದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು. ಅದು ನನ್ನ ಮೇಲಿನವರು ಕಲಿಸಿದ ಭಾಷೆ. ಅವರಿಗೆ ಅವರ ಮೇಲಿನವರು ಕಲಿಸಿದ್ದರು. ವಿರೋಧವನ್ನು ದಾಖಲಿಸಿದರೆ ಮುಂದೆ ವಿಚಾರಣೆ, ನ್ಯಾಯಾಲಯ ಎಂದು ಕಡತ ದಪ್ಪವಾಗುತ್ತದೆ ಎಂಬ ಭಯ ಅದರ ಹಿಂದಿತ್ತು. ಇಪ್ಪತ್ತು ವರ್ಷಗಳ ನಂತರ ಅದೇ ಪುಟದ ಎದುರು ಇತಿಹಾಸಕಾರನಂತೆ ಕುಳಿತಾಗ, ನನ್ನದೇ ಅಕ್ಷರವನ್ನು ನಾನೇ ಅನುಮಾನಿಸಬೇಕಾಗಿ ಬಂದದ್ದು ವಿಚಿತ್ರ ಅನುಭವ.

ಆದ್ದರಿಂದ ನಾನು ಸರ್ವಾನುಮತವೆಂಬ ಪದವನ್ನು ಪುರಾವೆಯೆಂದು ಎಣಿಸುವುದನ್ನು ಬಿಟ್ಟು, ಬೇರೆ ಗುರುತುಗಳನ್ನು ಹುಡುಕತೊಡಗಿದೆ. ಒಂದೇ ವಿಷಯ ಮೂರು ತಿಂಗಳು ಸತತವಾಗಿ 'ಮುಂದಿನ ಸಭೆಗೆ ಮುಂದೂಡಲಾಯಿತು' ಎಂದು ಬಂದಿದ್ದರೆ ಅಲ್ಲಿ ಜಗಳವಿತ್ತೆಂದು ಅರ್ಥ. ಹಾಜರಿ ಸಹಿಗಳು ಪುಟದ ಮೇಲ್ಭಾಗದಲ್ಲಿ ಇಪ್ಪತ್ತೆಂಟಿದ್ದು, ಮಧ್ಯಾಹ್ನದ ನಂತರ ಸೇರಿಸಿದ ವಿಷಯಕ್ಕೆ ಅನುಮೋದಕರು, ಸೂಚಕರು ಇಬ್ಬರದೇ ಹೆಸರಿದ್ದರೆ ಉಳಿದವರು ಎದ್ದು ಹೋಗಿದ್ದರೆಂದು ಊಹಿಸಬಹುದು. ದೃಢೀಕರಣದ ಪುಟವನ್ನು ಮಾತ್ರ ಯಾರೂ ಬಿಡಬಾರದು. ಒಂದು ಸಭೆಯಲ್ಲಿ ಅಂಗೀಕಾರವಾದ ಠರಾವು ಮುಂದಿನ ತಿಂಗಳ ದೃಢೀಕರಣದ ವೇಳೆಗೆ 'ತಿದ್ದುಪಡಿಯೊಂದಿಗೆ' ಎಂಬ ಒಂದೇ ಪದದ ನೆಪದಲ್ಲಿ ತಲೆಕೆಳಗಾದದ್ದನ್ನು ನಾನು ಎರಡು ಕಡೆ ಕಂಡಿದ್ದೇನೆ.

ನಡವಳಿಯ ಎದುರಿಗೆ ಡಿಮ್ಯಾಂಡ್ ರಿಜಿಸ್ಟರನ್ನು ಇಟ್ಟುಕೊಂಡ ಬಗೆ ಹೀಗೆ. ಉದ್ದನೆಯ ಲೆಡ್ಜರ್ ಪುಸ್ತಕವೊಂದನ್ನು ಕೊಂಡು, ಎಡಗಡೆಯಲ್ಲಿ ಠರಾವಿನ ದಿನಾಂಕ ಮತ್ತು ಸಾರಾಂಶ, ನಡುವೆ ಅದಕ್ಕೆ ಹಣ ಎಲ್ಲಿಂದ ಬಂತು ಎಂಬ ವಿವರ, ಬಲಗಡೆಯಲ್ಲಿ ಎಂಜಿನಿಯರುಗಳ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ. ಪುಸ್ತಕದಲ್ಲಿ, ಆ ಕೆಲಸ ದಾಖಲಾದ ದಿನಾಂಕ ಎಂದು ಮೂರು ಅಂಕಣ ಎಳೆದೆ. ಎಡ ಅಂಕಣ ಬೇಗ ತುಂಬಿತು. ಬಲ ಅಂಕಣದಲ್ಲಿ ಖಾಲಿ ಜಾಗ ಹೆಚ್ಚಾಗಿ ಉಳಿಯಿತು. ನಡು ಅಂಕಣವೇ ನನಗೆ ಹೆಚ್ಚು ಕಲಿಸಿದ್ದು. ಊರೊಳಗೆ ಬರುವ ಸರಕಿನ ಮೇಲೆ ಹಾಕುತ್ತಿದ್ದ ಆಕ್ಟ್ರಾಯ್ ಸುಂಕ ರಾಜ್ಯದಲ್ಲಿ 1979ರಲ್ಲೇ ರದ್ದಾಗಿದ್ದರಿಂದ, ಹಳೆಯ ಪುರಸಭೆಗಳಿಗಿದ್ದ ಆ ಆದಾಯದ ಮೂಲ ನಮ್ಮಂಥ ಹೊಸ ನಗರಸಭೆಗಳಿಗೆ ಹುಟ್ಟಿನಿಂದಲೇ ಇರಲಿಲ್ಲ. ಉಳಿದದ್ದು ಆಸ್ತಿ ತೆರಿಗೆ, ಕಟ್ಟಡ ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ, ಉದ್ದಿಮೆ ಪರವಾನಗಿ, ಅದರ ಮೇಲೆ ಸರ್ಕಾರದ ಎಸ್.ಎಫ್.ಸಿ. (ರಾಜ್ಯ ಹಣಕಾಸು ಆಯೋಗದ) ಅನುದಾನ. ಎಂದರೆ ಊರು ಬೆಳೆಯುತ್ತಾ ಹೋದರೆ ಮಾತ್ರ ನಗರಸಭೆಗೆ ಹಣ. ಬೆಳೆದಷ್ಟೂ ನೀರು, ಚರಂಡಿ, ದೀಪದ ಬೇಡಿಕೆ. ಈ ಸುಳಿಯನ್ನು ಯಾವ ಅಧ್ಯಕ್ಷರೂ ಸೃಷ್ಟಿಸಿದ್ದಲ್ಲ, ಯಾವ ಅಧ್ಯಕ್ಷರಿಗೂ ಅದರಿಂದ ಹೊರಬರಲಾಗಲಿಲ್ಲ.

ಆಸ್ತಿ ತೆರಿಗೆಯ ಪುಸ್ತಕಗಳಲ್ಲಿ ಒಂದು ಮನೆಯ ಗುರುತನ್ನು ಹಿಡಿದು ಹಿಂದಕ್ಕೆ ಹೋಗುವುದೇ ಒಂದು ಸಾಹಸ. ಪಂಚಾಯಿತಿ ಕಾಲದಲ್ಲಿ ಅದಕ್ಕೆ ಖಾನೇಷುಮಾರಿ (ಮನೆ ಪಟ್ಟಿಯ) ನಂಬರು, ನಗರಸಭೆ ಬಂದ ಮೇಲೆ ಅಸೆಸ್‌ಮೆಂಟ್ ನಂಬರು, ಪಾಲಿಕೆಗೆ ಸೇರಿದ ಮೇಲೆ ಪಿ.ಐ.ಡಿ. ಎಂಬ ಆಸ್ತಿ ಗುರುತಿನ ನಂಬರು. ಮೂರಕ್ಕೂ ಕೊಂಡಿ ಹಾಕಿದ ಒಂದೇ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಹಳೆಯ ಬಿಲ್ ಕಲೆಕ್ಟರ್ ಒಬ್ಬರು ತಮ್ಮ ಸ್ವಂತ ಅನುಕೂಲಕ್ಕೆಂದು ಇಟ್ಟುಕೊಂಡಿದ್ದ ಜೇಬು ಪುಸ್ತಕದಲ್ಲಿ ಎರಡು ಹಳ್ಳಿಗಳ ಮಟ್ಟಿಗೆ ಆ ಕೊಂಡಿ ಸಿಕ್ಕಿತು. 2002ರ ಸುಮಾರಿಗೆ ವಾರ್ಷಿಕ ಬಾಡಿಗೆ ಮೌಲ್ಯದ ಲೆಕ್ಕ ಹೋಗಿ ಸ್ವಯಂ ಘೋಷಣಾ ಪದ್ಧತಿ ಬಂದಾಗ ರಿಜಿಸ್ಟರಿನ ರೂಪವೇ ಬದಲಾಯಿತು. ಅಲ್ಲಿಯವರೆಗೆ ತೆರಿಗೆ ಎಷ್ಟೆಂದು ಹೇಳುತ್ತಿದ್ದುದು ಕಂದಾಯ ನಿರೀಕ್ಷಕರು, ಆಮೇಲೆ ಮನೆಯ ಯಜಮಾನರೇ ಅಳತೆ ಬರೆದು ತೆರಿಗೆ ಕಟ್ಟತೊಡಗಿದರು. ಅದುವರೆಗೆ ಪುಸ್ತಕದಲ್ಲೇ ಇಲ್ಲದ ಎಷ್ಟೋ ಮಹಡಿಗಳು ಆ ವರ್ಷ ಕಾಗದದ ಮೇಲೆ ಹುಟ್ಟಿಕೊಂಡವು.

ನಾನು ಮಾಡಿದ ದೊಡ್ಡ ತಪ್ಪು ಖಾತೆಯ, ಅಂದರೆ ಆಸ್ತಿಯನ್ನು ತೆರಿಗೆ ಪುಸ್ತಕದಲ್ಲಿ ಮಾಲೀಕರ ಹೆಸರಿಗೆ ದಾಖಲಿಸುವ ವಿಷಯದಲ್ಲಿ. ಭೂಪರಿವರ್ತನೆಯಾಗದ, ಅಂದರೆ ಕಾಗದದಲ್ಲಿ ಇನ್ನೂ ಕೃಷಿ ಭೂಮಿಯೇ ಆಗಿದ್ದ ಜಮೀನಿನಲ್ಲಿ ಗುಂಟೆ ಲೆಕ್ಕದಲ್ಲಿ ಮಾರಿದ ರೆವಿನ್ಯೂ ಸೈಟುಗಳಿಗೆ ಖಾತೆ ಕೊಡಬೇಕೆಂದು ನಮ್ಮ ಮಂಡಳಿ ಒಂದು ಠರಾವು ಮಾಡಿತ್ತು. ಠರಾವು ನಡವಳಿಯಲ್ಲಿ ಸ್ಪಷ್ಟವಾಗಿತ್ತು, ನಾನು ಅದನ್ನು ಆಧರಿಸಿ ಒಂದು ಇಡೀ ಅಧ್ಯಾಯವನ್ನೇ ಬರೆದೆ: ಮಂಡಳಿ ಬಡವರ ಪರ ನಿಂತಿತು, ಆ ಬಡಾವಣೆಗಳು ಅಂದಿನಿಂದ ಸಕ್ರಮವಾದವು, ಇತ್ಯಾದಿ. ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಆ ಸರ್ವೆ ನಂಬರುಗಳನ್ನು ಹುಡುಕಿದರೆ ಒಂದೂ ಇಲ್ಲ. ಪುಟಗಳು ಕಳೆದಿವೆಯೆಂದು ಭಾವಿಸಿ ವಾರಗಟ್ಟಲೆ ಅಲೆದೆ. ಕೊನೆಗೆ ಪತ್ರವ್ಯವಹಾರದ ಕಡತದಲ್ಲಿ, ಜಿಲ್ಲಾಧಿಕಾರಿಗಳು ಆ ಠರಾವನ್ನು ಅಮಾನತಿನಲ್ಲಿಟ್ಟ ಆದೇಶದ ಪ್ರತಿ ಸಿಕ್ಕಿತು. ಮಂಡಳಿಯ ನಿರ್ಣಯವನ್ನು ಜಾರಿಯಾಗದಂತೆ ತಡೆಯುವ ಅಧಿಕಾರ ಜಿಲ್ಲಾಧಿಕಾರಿಗೆ ಕಾಯ್ದೆಯಲ್ಲೇ ಇದೆ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೆ ಅಂಥ ಆದೇಶ ಬಂದಾಗ ನಡವಳಿ ಪುಸ್ತಕದ ಅಂಚಿನಲ್ಲಿ ಒಂದು ಗುರುತನ್ನೂ ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಧ್ಯಾಯವನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಅಂದಿನಿಂದ ನನ್ನ ಲೆಡ್ಜರಿನಲ್ಲಿ 'ಮೇಲಿನಿಂದ ಬಂದದ್ದು' ಎಂಬ ನಾಲ್ಕನೆಯ ಅಂಕಣ ಸೇರಿತು.

ಆ ನಾಲ್ಕನೆಯ ಅಂಕಣ ತುಂಬುತ್ತಾ ಹೋದಂತೆ, ನಮ್ಮ ನಗರಸಭೆಯನ್ನು ನಿಜವಾಗಿ ನಡೆಸಿದವರು ಯಾರು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು, ಹನ್ನೆರಡನೆಯ ಅನುಸೂಚಿಯ 18 ವಿಷಯಗಳನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದೆಂದು ಹೇಳಿತು. ಅದರಲ್ಲಿ ಮೊದಲನೆಯದೇ ನಗರ ಯೋಜನೆ. ನಮ್ಮಲ್ಲಿ ಯೋಜನೆಯ ಅಧಿಕಾರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿತ್ತು, ಭೂಪರಿವರ್ತನೆ ಜಿಲ್ಲಾಧಿಕಾರಿಗಳ ಕೈಯಲ್ಲಿ, ವಿದ್ಯುತ್ತು ಮತ್ತೊಂದು ಸಂಸ್ಥೆಯ ಕೈಯಲ್ಲಿ. ಮಂಡಳಿಯ ಪಾಲಿಗೆ ಉಳಿದದ್ದು ಕಸ, ಬೀದಿದೀಪ, ಚರಂಡಿ, ಜನನ-ಮರಣ ನೋಂದಣಿ, ಖಾತೆ ಮತ್ತು ಕೊಳವೆ ಬಾವಿ. ಅಧ್ಯಕ್ಷ ಸ್ಥಾನ ಮೀಸಲಾತಿಯ ಸರದಿಯಂತೆ ಅವಧಿಯ ನಡುವೆಯೇ ಕೈ ಬದಲಾಗುತ್ತಿತ್ತು. ಒಬ್ಬರು ಕಡತದ ಹಾದಿಯನ್ನು ಅರ್ಥಮಾಡಿಕೊಳ್ಳುವ ಹೊತ್ತಿಗೆ ಇನ್ನೊಬ್ಬರ ಸರದಿ ಬರುತ್ತಿತ್ತು. ಪೌರಾಯುಕ್ತರೂ ವರ್ಗವಾಗುತ್ತಿದ್ದರು. ಬದಲಾಗದೆ ಉಳಿದವರೆಂದರೆ ಕಂದಾಯ ಶಾಖೆಯ ನಾವು ನಾಲ್ಕೈದು ಜನ ಮತ್ತು ವಾಟರ್‌ಮನ್‌ಗಳು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಯಾವ ಬೀದಿಗೆ ಯಾವ ಹೊತ್ತಿನಲ್ಲಿ ವಾಲ್ವ್ ತಿರುಗಿಸಬೇಕು ಎಂಬುದು ಯಾವ ಠರಾವಿನಲ್ಲೂ ಇಲ್ಲ, ಊರಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಆಡಳಿತ ನಿರ್ಧಾರವೂ ಇರಲಿಲ್ಲ.

ಮಹಿಳಾ ಸದಸ್ಯರ ವಿಷಯದಲ್ಲಿ ನಡವಳಿ ಪುಸ್ತಕ ಮಾಡಿದ ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ. ಮಂಡಳಿಯಲ್ಲಿ ಮೂರನೆಯ ಒಂದು ಭಾಗ ಅವರಿದ್ದರು. ಹೊರಗಡೆ ಅವರ ಗಂಡಂದಿರು 'ಸದಸ್ಯರು' ಎಂದು ಓಡಾಡುತ್ತಿದ್ದುದೂ ನಿಜ. ಆದರೆ ಸಭೆಯೊಳಗೆ ನೀರಿನ ಟ್ಯಾಂಕರ್ ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಲೆಕ್ಕ ಸಮೇತ ಕೇಳುತ್ತಿದ್ದವರು ಬಹುಪಾಲು ಆ ಹೆಣ್ಣುಮಕ್ಕಳೇ ಎಂಬುದು ನನಗೆ ಚೆನ್ನಾಗಿ ನೆನಪಿದೆ. ನಡವಳಿಯಲ್ಲಿ ಅದು 'ಕೆಲವು ಸದಸ್ಯರು ನೀರಿನ ಸಮಸ್ಯೆ ಕುರಿತು ಪ್ರಸ್ತಾಪಿಸಿದರು' ಎಂದಾಗಿದೆ. ಬರೆದವನು ನಾನೇ. ಇದನ್ನು ಸರಿಪಡಿಸಲು ಅವರಲ್ಲಿ ಐವರನ್ನು ಭೇಟಿಯಾಗಿ ಮಾತನಾಡಿಸಿದೆ. ಮೊದಲ ಭೇಟಿಯಲ್ಲಿ ಮನೆಯವರೆಲ್ಲ ಸುತ್ತ ಕುಳಿತಿದ್ದರಿಂದ ಏನೂ ಸಿಗಲಿಲ್ಲ. ಎರಡನೆಯ ಸಲ ನನ್ನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಆಗ ಒಬ್ಬರು ಒಳಗಿನಿಂದ ತಾವೇ ಬರೆದಿಟ್ಟುಕೊಂಡಿದ್ದ ಒಂದು ನೂರು ಪುಟದ ನೋಟ್‌ಬುಕ್ ತಂದು ಮುಂದಿಟ್ಟರು. ಟ್ಯಾಂಕರುಗಳ ದಿನಾಂಕ, ಗಾಡಿ ಸಂಖ್ಯೆ, ಬಂದ ಬೀದಿ, ಬಾರದ ಬೀದಿ. ಮೇಷ್ಟ್ರ ಪ್ರಶ್ನೆಗೆ ನನಗೆ ದೊರೆತ ಅತ್ಯುತ್ತಮ ಉತ್ತರ ಆ ಪುಸ್ತಕ. ನಗರಸಭೆಯ ದಾಖಲೆ ಕೊಠಡಿಯಲ್ಲಿ ಅಂಥದ್ದೊಂದು ಇರಲಿಲ್ಲ.

ನೀರಿನ ಕಥೆಯ ಉಳಿದ ಭಾಗ ನಗರಸಭೆಯ ಗಡಿಯನ್ನು ಮೀರಿದ್ದು. ಏಳು ನಗರಸಭೆ ಮತ್ತು ಕೆಂಗೇರಿ ಪುರಸಭೆಗೆ ಕಾವೇರಿ ನೀರು ತರಲು ಬೃಹತ್ ಬೆಂಗಳೂರು ನೀರು ಸರಬರಾಜು ಯೋಜನೆ ರೂಪುಗೊಂಡಿತು. ಅದಕ್ಕೆ ಹಣ ಹೊಂದಿಸಲು ಮೂರು ದಾರಿ ಹಿಡಿದರು: ಸರ್ಕಾರದ ಅನುದಾನ, ನಿವಾಸಿಗಳಿಂದ ಮುಂಗಡವಾಗಿ ವಂತಿಗೆ, ಮತ್ತು ಎಂಟೂ ಸಂಸ್ಥೆಗಳ ಪರವಾಗಿ 2005ರಲ್ಲಿ ಒಟ್ಟಾಗಿ ಎತ್ತಿದ 100 ಕೋಟಿ ರೂಪಾಯಿಗಳ ಬಾಂಡ್. ಒಂಟಿಯಾಗಿ ಸಾಲ ಎತ್ತಲಾರದ ಸಣ್ಣ ಸಂಸ್ಥೆಗಳು ಕೂಡಿ ಮಾರುಕಟ್ಟೆಯಿಂದ ಹಣ ತಂದ ಆ ಪ್ರಯೋಗಕ್ಕೆ ಅಮೆರಿಕದ ಯು.ಎಸ್.ಏಡ್ ಸಂಸ್ಥೆಯ ಭಾಗಶಃ ಖಾತರಿಯೂ ಇತ್ತು. ನಮ್ಮ ನಡವಳಿಯಲ್ಲಿ ಇದಕ್ಕೆ ಸಂಬಂಧಿಸಿದ ಠರಾವು ಕೇವಲ ಅರ್ಧ ಪುಟವಿದೆ. ಅದನ್ನು ಓದಿದವರಿಗೆ ಅದೊಂದು ಮಾಮೂಲಿ ಒಪ್ಪಿಗೆಯೆಂದೇ ಅನ್ನಿಸುತ್ತದೆ. ವಂತಿಗೆ ಕಟ್ಟಬೇಕೇ ಬೇಡವೇ, ನೀರು ಬರುವ ಮೊದಲೇ ಹಣವೇಕೆ ಎಂದು ಬೀದಿಬೀದಿಯಲ್ಲಿ ನಡೆದ ವಾದ, ಬಡಾವಣೆಗಳ ನಿವಾಸಿ ಸಂಘಗಳ ಪ್ರತಿಭಟನೆ, ಇವೆಲ್ಲ ಪತ್ರಿಕೆಗಳ ತುಣುಕುಗಳಿಂದಲೂ ಸಂಘಗಳ ಸುತ್ತೋಲೆಗಳಿಂದಲೂ ಸಂಗ್ರಹಿಸಬೇಕಾಯಿತು. ಕೊಳವೆಗಳಲ್ಲಿ ನೀರು ಬರುವ ಹೊತ್ತಿಗೆ ಬಾಂಡಿಗೆ ಠರಾವು ಮಾಡಿದ ಮಂಡಳಿಯೇ ಉಳಿದಿರಲಿಲ್ಲ.

ವಿಲೀನದ ಅಧ್ಯಾಯವನ್ನು ನಾನು ಚಿಕ್ಕದಾಗಿಯೇ ಬರೆದೆ, ಏಕೆಂದರೆ ಕಚೇರಿಯೊಳಗೆ ಅದು ಬಹಳ ಚಿಕ್ಕ ಘಟನೆಯಾಗಿತ್ತು. ಫಲಕ ಬದಲಾಯಿತು, ರಬ್ಬರ್ ಮೊಹರು ಬದಲಾಯಿತು, ರಿಜಿಸ್ಟರುಗಳ ಪಟ್ಟಿ ಮಾಡಿ ಹೊಸ ವಲಯ ಕಚೇರಿಗೆ ಒಪ್ಪಿಸಿ ಸಹಿ ಪಡೆದೆವು. ನಡವಳಿ ಪುಸ್ತಕದ ಕೊನೆಯ ಸಂಪುಟದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆಗಳು ಖಾಲಿ ಉಳಿದವು. ಹೊರಗೆ ಆದ ಬದಲಾವಣೆ ದೊಡ್ಡದು. ನಮ್ಮಲ್ಲಿ 31 ಜನ ಸದಸ್ಯರಿದ್ದರು. ಸಂವಿಧಾನ ಐದು ವರ್ಷಕ್ಕೊಮ್ಮೆ ಚುನಾವಣೆಯಾಗಲೇಬೇಕೆಂದು ಹೇಳಿದರೂ, ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಅದು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಹಳೆಯ ಪಾಲಿಕೆಯೊಂದರಲ್ಲೇ 100 ವಾರ್ಡುಗಳಿದ್ದರೆ, ಎಂಟು ಸ್ಥಳೀಯ ಸಂಸ್ಥೆ ಮತ್ತು 110 ಹಳ್ಳಿ ಸೇರಿದ ಮೇಲೆ ಒಟ್ಟು ವಾರ್ಡುಗಳು 198. ಚರಂಡಿ ಕಟ್ಟಿಕೊಂಡರೆ ಹೇಳಲು ಹೋಗಬೇಕಾದ ಸದಸ್ಯರ ಮನೆ ಎರಡು ಬೀದಿಯಾಚೆ ಇದ್ದದ್ದು ಬಹಳ ದೂರವಾಯಿತು. ಹಾಗೆಂದು ನಗರಸಭೆಯೇ ಇರಬೇಕಿತ್ತು ಎಂದು ನಾನು ವಾದಿಸುವುದಿಲ್ಲ, ನಾಲ್ಕನೆಯ ಅಂಕಣ ತುಂಬಿದವನಿಗೆ ಆ ಮಾತು ಸುಲಭವಾಗಿ ಬರುವುದಿಲ್ಲ. ನಮ್ಮ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಸಂಶಯಾಸ್ಪದವಾಗಿದ್ದ ಆಸ್ತಿಗಳು ಪಾಲಿಕೆಯಲ್ಲಿ 'ಬಿ' ವಹಿಗೆ ಹೋದವು. ಜನರ ಬಾಯಲ್ಲಿ ಅದೇ 'ಬಿ ಖಾತಾ' ಆಯಿತು. ಒಂದು ಕಾಲದ ಮುಂದೂಡಿದ ಠರಾವು ಇನ್ನೊಂದು ಕಾಲದಲ್ಲಿ ಒಂದು ಅಕ್ಷರವಾಗಿ ಉಳಿದುಕೊಂಡ ಬಗೆ ಅದು.

ಪುಸ್ತಕ ಬೆರಳಚ್ಚಾದ ಮೇಲೆ ಇನ್ನೊಂದು ಅಧ್ಯಾಯ ಸೇರಿಸಬೇಕಾಯಿತು. ಬೃಹತ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದು ನಗರಪಾಲಿಕೆಗಳಾಗಿ ಒಡೆಯಿತು. ಕೃಷ್ಣರಾಜಪುರ ಮತ್ತು ಮಹದೇವಪುರ, ಒಂದು ಕಾಲದ ಎರಡು ನಗರಸಭೆಗಳ ಹೆಸರಿನ ವಿಧಾನಸಭಾ ಕ್ಷೇತ್ರಗಳು, ಈಗ ಕೂಡಿ ಬೆಂಗಳೂರು ಪೂರ್ವ ನಗರಪಾಲಿಕೆಯಾಗಿವೆ. ಇಂಥ ವಿಂಗಡಣೆಯಾದಾಗಲೆಲ್ಲ ರಿಜಿಸ್ಟರುಗಳು ಕೋಣೆಯಿಂದ ಕೋಣೆಗೆ ಸಾಗುತ್ತವೆ, ಸಾಗುವಾಗ ಒಂದಷ್ಟು ಕಳೆಯುತ್ತವೆ. ಈ ಕಾರಣಕ್ಕೆ, ಇಂಥ ಕೆಲಸಕ್ಕೆ ಇಳಿಯುವವರು ಮೊದಲು ಮಾಡಬೇಕಾದದ್ದು ಅಧಿಸೂಚನೆ, ನಡವಳಿ ಮತ್ತು ಡಿಮ್ಯಾಂಡ್ ರಿಜಿಸ್ಟರಿನ ಪುಟಗಳ ಚಿತ್ರ ತೆಗೆದಿಟ್ಟುಕೊಳ್ಳುವುದು. ಓದುವುದು ಆಮೇಲೆ. ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ 'ನಗರಸಭೆಯ ಎಲ್ಲ ಹಳೆಯ ದಾಖಲೆಗಳು' ಎಂದು ಕೇಳಿದರೆ 'ಲಭ್ಯವಿಲ್ಲ' ಎಂಬ ಉತ್ತರ ಖಚಿತ. ವರ್ಷ, ತಿಂಗಳು, ಸಭೆಯ ಸ್ವರೂಪ, ವಿಷಯ ಸಂಖ್ಯೆ ಬರೆದು ಕೇಳಿದರೆ ಮಾತ್ರ ಗುಮಾಸ್ತರು ಬೀರು ತೆಗೆಯುತ್ತಾರೆ. ನಾನೂ ಹಾಗೆಯೇ ಇದ್ದವನು.

ಬರೆದದ್ದರ ಮೂರು ಪ್ರತಿಗಳನ್ನು ಮಾಡಿಸಿದೆ. ಒಂದು ಮೇಷ್ಟ್ರಿಗೆ, ಒಂದು ಸಾರ್ವಜನಿಕ ಗ್ರಂಥಾಲಯದ ನಮ್ಮ ಶಾಖೆಗೆ, ಒಂದು ನನ್ನ ಬಳಿ. ಗ್ರಂಥಾಲಯದ ಪ್ರತಿಯನ್ನು ಕೇಳಿಕೊಂಡು ಇಲ್ಲಿಯವರೆಗೆ ಹತ್ತಾರು ಮಂದಿ ಬಂದಿದ್ದಾರೆಂದು ಅಲ್ಲಿಯವರು ಹೇಳಿದರು. ಬಂದವರೆಲ್ಲ ನೇರವಾಗಿ ಅನುಬಂಧಕ್ಕೆ ಹೋಗಿ, ತಮ್ಮ ಸರ್ವೆ ನಂಬರು ಯಾವ ವರ್ಷದ ಅಧಿಸೂಚನೆಯಲ್ಲಿ ನಗರಸಭೆಯ ಗಡಿಯೊಳಗೆ ಬಂತು ಎಂಬುದನ್ನು ಬರೆದುಕೊಂಡು, ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರಂತೆ.